ಸರ್ಕಾರ ಯಾವ ಬಾಗಿಲಿಂದ ಬಂತು?

2019ರ ಜುಲೈ ತಿಂಗಳಲ್ಲಿ ಭಾರತ ಕಮ್ಯುನಿಸ್ಟ್ ಪಕ್ಷ ತನ್ನ ಪ್ರಧಾನ ಕಾರ್ಯದರ್ಶಿಯನ್ನು ಬದಲಿಸಿತು. ಅನಾರೋಗ್ಯದ ಕಾರಣದಿಂದ ಸುರವರಂ ಸುಧಾಕರ ರೆಡ್ಡಿಯವರು ಹುದ್ದೆ ತೊರೆದರು, ಡಿ. ರಾಜಾ ಆ ಸ್ಥಾನಕ್ಕೆ ಬಂದರು. ತಮಿಳುನಾಡಿನ ವೇಲೂರು ಜಿಲ್ಲೆಯ ಹಳ್ಳಿಯೊಂದರಲ್ಲಿ, ತುಂಡು ಭೂಮಿಯೂ ಇಲ್ಲದ ಕೃಷಿ ಕೂಲಿಕಾರರ ಮನೆಯಲ್ಲಿ ಹುಟ್ಟಿದವರು ಅವರು. ದೇಶದ ಪ್ರಮುಖ ಕಮ್ಯುನಿಸ್ಟ್ ಪಕ್ಷವೊಂದರ ಚುಕ್ಕಾಣಿ ದಲಿತರೊಬ್ಬರ ಕೈಗೆ ಬಂದದ್ದು ಅದೇ ಮೊದಲು. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಎರಡೂ ಕಮ್ಯುನಿಸ್ಟ್ ಪಕ್ಷಗಳು ಸೇರಿ ಗೆದ್ದದ್ದು ಐದೇ ಸ್ಥಾನ. ಹೀಗೆ ಸೊರಗಿದ ಪಕ್ಷವನ್ನು ಹೊಸ ನಾಯಕ ಕೈಗೆತ್ತಿಕೊಂಡು ಎಂಟು ತಿಂಗಳಾಗುವಷ್ಟರಲ್ಲಿ, 2020ರ ಮಾರ್ಚ್ 24ರ ರಾತ್ರಿ, ದೇಶಕ್ಕೆ ಬೀಗ ಬಿತ್ತು.

ಸರ್ಕಾರವೇ ಮುಂದೆ ಬಂದು ಜನರ ಬದುಕನ್ನು ಹಿಡಿದೆತ್ತಬೇಕೆಂದು ದಶಕಗಳಿಂದ ವಾದಿಸಿದ ಎಡಪಂಥಕ್ಕೆ ಇದಕ್ಕಿಂತ ದೊಡ್ಡ ಅವಕಾಶ ಬರಲಾರದೆಂದು ಹಲವರು ಆಗ ಭಾವಿಸಿದ್ದರು. ಆದರೆ ನಡೆದದ್ದು ವಿಚಿತ್ರವಾಗಿತ್ತು. ಸರ್ಕಾರದ ಹಸ್ತಕ್ಷೇಪವನ್ನು ವಿರೋಧಿಸುತ್ತಿದ್ದವರೇ ಮೊದಲು ಬೊಕ್ಕಸದ ಬಾಯಿ ಬಿಚ್ಚಿದರು. ಬ್ರಿಟನ್ನಿನಲ್ಲಿ ಲೇಬರ್ ಪಕ್ಷ 2020ರ ಏಪ್ರಿಲ್ 4ರಂದು ಕೀರ್ ಸ್ಟಾರ್ಮರ್ ಅವರನ್ನು ಹೊಸ ನಾಯಕನನ್ನಾಗಿ ಆರಿಸಿತು. ಅದಕ್ಕೆ ಎರಡು ವಾರ ಮೊದಲೇ ಅಲ್ಲಿನ ಕನ್ಸರ್ವೇಟಿವ್ ಸರ್ಕಾರ, ಕೆಲಸ ನಿಂತ ನೌಕರರ ಸಂಬಳದ ಶೇಕಡ 80ರಷ್ಟನ್ನು ತಿಂಗಳಿಗೆ 2,500 ಪೌಂಡುಗಳ ಮಿತಿಯೊಳಗೆ ತಾನೇ ಕೊಡುವುದಾಗಿ ಪ್ರಕಟಿಸಿತ್ತು. ಇಲ್ಲಿಯೂ ಕೇಂದ್ರ ಸರ್ಕಾರ ಮಾರ್ಚ್ 26ರಂದು 1.70 ಲಕ್ಷ ಕೋಟಿ ರೂಪಾಯಿಗಳ ಗರೀಬ್ ಕಲ್ಯಾಣ ಯೋಜನೆಯನ್ನು ಘೋಷಿಸಿತು. ಎಡಪಕ್ಷಗಳು ಅದು ಸಾಲದೆಂದವು. ಆದಾಯ ತೆರಿಗೆ ಕಟ್ಟದ ಪ್ರತಿ ಕುಟುಂಬಕ್ಕೆ ತಿಂಗಳಿಗೆ 7,500 ರೂಪಾಯಿ, ತಲೆಗೆ 10 ಕಿಲೋ ಉಚಿತ ಧಾನ್ಯ, ಉದ್ಯೋಗ ಖಾತ್ರಿಯಲ್ಲಿ 200 ದಿನಗಳ ಕೆಲಸ ಬೇಕೆಂದು ಬೇಡಿಕೆ ಇಟ್ಟವು. ಬೇಡಿಕೆ ನ್ಯಾಯವಾದದ್ದೇ. ಆದರೆ ಎಲ್ಲ ಬಣ್ಣದ ಸರ್ಕಾರಗಳೂ ಹಣ ಹಂಚತೊಡಗಿದ ಹೊತ್ತಿನಲ್ಲಿ, ಇನ್ನಷ್ಟು ಹಂಚಿ ಎನ್ನುವುದಷ್ಟೇ ಎಡಪಂಥದ ಕೆಲಸವೇ ಎಂಬ ಪ್ರಶ್ನೆ ಉಳಿದುಕೊಂಡಿತು.

ಈ ಪ್ರಶ್ನೆಗೆ ದೆಹಲಿ, ಲಂಡನ್ನುಗಳ ಭಾಷಣಗಳಲ್ಲಿ ಉತ್ತರ ಹುಡುಕುವುದಕ್ಕಿಂತ ಕೊಪ್ಪಳ ಜಿಲ್ಲೆಯ ನಾಲ್ಕು ಹಳೆಯ ತಾಲ್ಲೂಕುಗಳಲ್ಲಿ ಹುಡುಕುವುದು ಲೇಸು. ಘಟ್ಟದ ಓದುಗರಿಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ದೂರದ ಊರುಗಳೆನಿಸಬಹುದು. ನೀರಿನ ಲೆಕ್ಕದಲ್ಲಿ ಅವು ದೂರದವಲ್ಲ. ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆಯರು ಕೂಡ್ಲಿಯಲ್ಲಿ ಕೂಡಿ ಹರಿದು ಮುನಿರಾಬಾದಿನ ಅಣೆಕಟ್ಟೆಯಲ್ಲಿ ನಿಲ್ಲುತ್ತಾರೆ. ಅಲ್ಲಿಂದ ಎಡದಂಡೆ ಕಾಲುವೆ ಹರಿಯುವ ಗಂಗಾವತಿ ಭತ್ತದ ಕಣಜ. ಅದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾಗಳಿಗೆ ಆ ಕಾಲುವೆಯ ಭಾಗ್ಯವಿಲ್ಲ. ವರ್ಷದ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು. ಅದೂ ಹೊತ್ತಿಗೆ ಬರುವುದೆಂಬ ಭರವಸೆಯಿಲ್ಲ. ಕುಷ್ಟಗಿಯ ಕೆಂಪು ಮಸಾರಿ ನೆಲದಲ್ಲಿ ನೀರು ನಿಲ್ಲದು. ಯಲಬುರ್ಗಾದ ಎರೆಯಲ್ಲಿ ಮಳೆ ತಪ್ಪಿದರೆ ನೆಲ ಬಾಯಿ ಬಿಡುತ್ತದೆ. ಹಿಂಗಾರು ಕೈಕೊಟ್ಟ ವರ್ಷ ಜನ ಗುಳೆ ಹೋಗುತ್ತಾರೆ. ಬೆಂಗಳೂರಿನ ಕಟ್ಟಡಗಳಿಗೆ, ಮಂಗಳೂರಿನ ಗಾರೆ ಕೆಲಸಕ್ಕೆ, ಗೋವಾಕ್ಕೆ, ಮಲೆನಾಡಿನ ಕಾಫಿ ಅಡಕೆ ತೋಟಗಳಿಗೆ. ಘಟ್ಟದ ಎಷ್ಟೋ ಊರುಗಳಲ್ಲಿ ರಸ್ತೆ ಬದಿಯ ಗುಡಿಸಲುಗಳಲ್ಲಿ ಜೋಳದ ರೊಟ್ಟಿ ತಟ್ಟುವ ಸದ್ದು ಕೇಳಿದವರಿಗೆ ಇವರ ಪರಿಚಯ ಬೇಕಿಲ್ಲ.

2020ರ ವಸಂತದಲ್ಲಿ ಸರ್ಕಾರ ಈ ಜನರ ಮುಂದೆ ಮೊದಲು ಕಾಣಿಸಿಕೊಂಡದ್ದು ತಡೆಯುವ ಕೈಯಾಗಿ. ಮೇ 1ರಂದು ಕೇಂದ್ರ ಪ್ರಕಟಿಸಿದ ಪಟ್ಟಿಯಲ್ಲಿ ಕೊಪ್ಪಳ ಹಸಿರು ವಲಯದಲ್ಲಿತ್ತು. ರೋಗವಿನ್ನೂ ಕಾಲಿಡದ ಜಿಲ್ಲೆಯಲ್ಲಿಯೂ ಕೂಲಿ ನಿಂತಿತ್ತು, ಸಂತೆ ನಿಂತಿತ್ತು, ಕಲ್ಲಂಗಡಿ ಹೊಲದಲ್ಲೇ ಕೊಳೆಯುತ್ತಿತ್ತು. ಬೆಂಗಳೂರಿನಲ್ಲಿ ಸಿಕ್ಕಿಬಿದ್ದ ಉತ್ತರ ಕರ್ನಾಟಕದ ಕೂಲಿಕಾರರು ಮೇ ಆರಂಭದಲ್ಲಿ ಮೆಜೆಸ್ಟಿಕ್ ನಿಲ್ದಾಣಕ್ಕೆ ಗಂಟುಮೂಟೆ ಹೊತ್ತು ಬಂದಾಗ ಬಸ್ಸಿಗೆ ದುಬಾರಿ ದರ ಕೇಳಲಾಯಿತು. ಎಲ್ಲೆಡೆಯಿಂದ ಟೀಕೆ ಬಂದ ಮೇಲೆ ಪ್ರಯಾಣ ಉಚಿತವಾಯಿತು. ಹೊರರಾಜ್ಯದ ಕಾರ್ಮಿಕರ ಗತಿ ಇನ್ನೂ ಕಠಿಣವಾಗಿತ್ತು. ಮೇ 5ರಂದು ರಾಜ್ಯ ಸರ್ಕಾರ ಕಟ್ಟಡ ನಿರ್ಮಾಣೋದ್ಯಮಿಗಳ ಜೊತೆ ಮಾತುಕತೆ ನಡೆಸಿತು. ಅದೇ ದಿನ ಕಾರ್ಮಿಕರ ವಿಶೇಷ ರೈಲುಗಳನ್ನು ರದ್ದು ಮಾಡುವಂತೆ ರೈಲ್ವೆಗೆ ಪತ್ರ ಹೋಯಿತು. ಎರಡು ಮೂರು ದಿನಗಳಲ್ಲಿ ಆ ನಿರ್ಧಾರವನ್ನು ಹಿಂತೆಗೆದುಕೊಳ್ಳಬೇಕಾಯಿತು. ಸರ್ಕಾರದ ಹಸ್ತಕ್ಷೇಪವೆಂದರೆ ಬಡವರ ಪರವಾದದ್ದೇ ಎಂದು ನಂಬಿದವರು ಮೇ 5ನ್ನು ನೆನಪಿಡಬೇಕು. ಅಂದು ನಡೆದದ್ದೂ ಹಸ್ತಕ್ಷೇಪವೇ. ಅದು ಯಾರ ಮಾತು ಕೇಳಿ ನಡೆಯಿತು ಎಂಬುದಷ್ಟೇ ಬೇರೆ.

ಕೊಡುವ ಕೈಯೂ ಬಂತು. ಏಪ್ರಿಲಿನಲ್ಲಿ ನ್ಯಾಯಬೆಲೆ ಅಂಗಡಿಗಳು ಎರಡು ತಿಂಗಳ ಪಡಿತರವನ್ನು ಒಟ್ಟಿಗೆ ಕೊಟ್ಟವು. ತಲೆಗೆ 5 ಕಿಲೋ ಉಚಿತ ಧಾನ್ಯದ ಕೇಂದ್ರ ಯೋಜನೆ ಸೇರಿಕೊಂಡಿತು. ಜನಧನ ಖಾತೆಯಿದ್ದ ಮಹಿಳೆಯರಿಗೆ ಮೂರು ತಿಂಗಳು ಐನೂರು ರೂಪಾಯಿ ಬಂತು. ಇವುಗಳಲ್ಲಿ ಅಕ್ಕಿ ತಲುಪಿದಷ್ಟು ಚೆನ್ನಾಗಿ ಬೇರೇನೂ ತಲುಪಲಿಲ್ಲ. ಕಾರಣ ಸರಳ. ಅಕ್ಕಿಗೆ ಹಾದಿ ಮೊದಲೇ ಇತ್ತು: ಗೋದಾಮು, ಅಂಗಡಿ, ಕಾರ್ಡು, 2013ರ ಆಹಾರ ಭದ್ರತಾ ಕಾಯ್ದೆ, ಅದೇ ವರ್ಷ ರಾಜ್ಯದಲ್ಲಿ ಶುರುವಾದ ಅನ್ನಭಾಗ್ಯ. ವರ್ಷಗಟ್ಟಲೆ ಜನ ಅಂಗಡಿಯ ಮುಂದೆ ನಿಂತು, ಜಗಳ ಮಾಡಿ, ತೂಕ ಸರಿಮಾಡಿಸಿಕೊಂಡ ಹಾದಿ ಅದು. ಸಂಕಟದ ಹೊತ್ತಿನಲ್ಲಿ ಅದರ ಮೇಲೆ ಇನ್ನಷ್ಟು ಮೂಟೆಗಳನ್ನು ಸಾಗಿಸುವುದು ಕಷ್ಟವಾಗಲಿಲ್ಲ.

ಎರಡನೆಯ ಹಾದಿ ಉದ್ಯೋಗ ಖಾತ್ರಿಯದು. ಮೊದಲ ವಾರಗಳಲ್ಲಿ ನಿಂತಿದ್ದ ಕೆಲಸ ಏಪ್ರಿಲ್ 20ರ ನಂತರ ಮತ್ತೆ ತೆರೆಯಿತು. ಆ ವರ್ಷ ಕರ್ನಾಟಕದಲ್ಲಿ ದಿನಗೂಲಿ 249ರಿಂದ 275 ರೂಪಾಯಿಗೆ ಏರಿತ್ತು. ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿ. ಗುಳೆಯಿಂದ ಮರಳಿದ ಕುಟುಂಬಗಳು ಕುಷ್ಟಗಿ, ಯಲಬುರ್ಗಾಗಳ ಹಳ್ಳಿಗಳಲ್ಲಿ ಸಲಿಕೆ, ಗುದ್ದಲಿ, ಬುಟ್ಟಿ ಹಿಡಿದು ಕೆಲಸಕ್ಕೆ ಇಳಿದವು. ಬದು, ಕಂದಕ, ಕೃಷಿ ಹೊಂಡ, ಕೆರೆಯ ಹೂಳು ಆ ಬೇಸಿಗೆಯ ಕೆಲಸಗಳಾದವು. 2015ರಲ್ಲಿ ಪ್ರಧಾನಮಂತ್ರಿಗಳು ಲೋಕಸಭೆಯಲ್ಲಿ ಇದೇ ಯೋಜನೆಯನ್ನು ಹಿಂದಿನ ಸರ್ಕಾರಗಳ ವೈಫಲ್ಯದ ಸ್ಮಾರಕವೆಂದು ಕರೆದಿದ್ದರು. 2020ರ ಮೇ ತಿಂಗಳಲ್ಲಿ ಅವರದೇ ಸರ್ಕಾರ ಆಯವ್ಯಯದ 61,500 ಕೋಟಿಯ ಮೇಲೆ ಇನ್ನೂ 40,000 ಕೋಟಿ ರೂಪಾಯಿಗಳನ್ನು ಈ ಯೋಜನೆಗೆ ಕೊಡಬೇಕಾಯಿತು. ಆ ವರ್ಷ ದೇಶದಲ್ಲಿ ಸುಮಾರು 389 ಕೋಟಿ ಮಾನವದಿನಗಳ ಕೆಲಸ ನಡೆಯಿತು. ಯೋಜನೆ ಆರಂಭವಾದ ಮೇಲೆ ಯಾವ ವರ್ಷವೂ ಅಷ್ಟು ಆಗಿರಲಿಲ್ಲ.

ಇಲ್ಲಿ ಎಡಪಂಥದ ಪಾಲು ಎಷ್ಟು ಎಂಬುದನ್ನು ನ್ಯಾಯವಾಗಿ ಅಳೆಯಬೇಕು. 2004ರ ಲೋಕಸಭೆಯಲ್ಲಿ ಅರವತ್ತರಷ್ಟು ಸ್ಥಾನಗಳಿದ್ದ ಎಡಪಕ್ಷಗಳು ಹೊರಗಿನಿಂದ ಬೆಂಬಲಿಸಿದ ಸರ್ಕಾರವೇ 2005ರಲ್ಲಿ ಉದ್ಯೋಗ ಖಾತ್ರಿ ಕಾಯ್ದೆಯನ್ನು ತಂದಿತು. ಕಾಯ್ದೆಯ ಹಿಂದೆ ಮಹಾರಾಷ್ಟ್ರದ ಹಳೆಯ ಅನುಭವ, ಜನಾಂದೋಲನಗಳ ದುಡಿಮೆ ಎರಡೂ ಇದ್ದವು. ಆದರೆ ಸಂಸತ್ತಿನೊಳಗೆ ಅದನ್ನು ತೆಳುವಾಗದಂತೆ ಕಾದವರಲ್ಲಿ ಎಡಪಕ್ಷಗಳೂ ಸೇರಿದ್ದವು. 2008ರ ಏಪ್ರಿಲ್ ಹೊತ್ತಿಗೆ ಅದು ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳಿಗೂ ಹರಡಿತು. ಹಾಗೆ ನೋಡಿದರೆ 2020ರಲ್ಲಿ ಕುಷ್ಟಗಿಯ ಕೂಲಿಕಾರರಿಗೆ ಎಡಪಂಥ ನೀಡಿದ ದೊಡ್ಡ ನೆರವು ಆ ವರ್ಷದ ಹೇಳಿಕೆಗಳಲ್ಲಿ ಇರಲಿಲ್ಲ. ಹದಿನೈದು ವರ್ಷ ಹಿಂದೆ ಬರೆದ ಕಾಯ್ದೆಯಲ್ಲಿತ್ತು. ಅದೇ ಹೊತ್ತಿಗೆ ಕರ್ನಾಟಕದ ವಿಧಾನಸಭೆಯಲ್ಲಿ ಒಬ್ಬ ಕಮ್ಯುನಿಸ್ಟ್ ಶಾಸಕನೂ ಇರಲಿಲ್ಲ. ಪಕ್ಷ ಕುಗ್ಗಿದರೂ ಕಾಯ್ದೆ ಉಳಿಯಿತು. ಹೊಸ ನಾಯಕರು ಕಲಿಯಬೇಕಾದ ಮೊದಲ ಪಾಠ ಇದು.

ಈ ಕೆಲಸಗಳ ಬೆಲೆಯನ್ನು ಕೂಲಿಯಲ್ಲಷ್ಟೇ ಅಳೆಯಬಾರದು. ಒಂದು ಹೆಕ್ಟೇರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಹತ್ತು ಸಾವಿರ ಲೀಟರ್ ನೀರು. ಐವತ್ತು ಮಿಲಿಮೀಟರಿನ ಒಂದು ಅಡ್ಡಮಳೆ ಐದು ಲಕ್ಷ ಲೀಟರ್. ಕುಷ್ಟಗಿಯ ಇಳಿಜಾರಿನ ಮಸಾರಿಯಲ್ಲಿ, ಮೇಲ್ಪದರ ಹೆಪ್ಪುಗಟ್ಟಿದಲ್ಲಿ, ಅದರ ಬಹುಪಾಲು ಮಣ್ಣನ್ನೂ ಎಳೆದುಕೊಂಡು ಹಳ್ಳ ಸೇರುತ್ತದೆ. ಒಂದು ಘನ ಮೀಟರ್ ಕಂದಕ ತೋಡಿದರೆ ಅದು ತುಂಬಿದ ಪ್ರತಿ ಸಲ ಸಾವಿರ ಲೀಟರ್ ನೀರು ನಿಂತು ನೆಲಕ್ಕಿಳಿಯುತ್ತದೆ. 275 ರೂಪಾಯಿ ಆ ದಿನವೇ ಖರ್ಚಾಗಬಹುದು. ಕಂದಕ ಮಾತ್ರ ನಾಲ್ಕಾರು ಮಳೆಗಾಲ ದುಡಿಯುತ್ತದೆ. ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಅದು 105ರ ಆಸುಪಾಸಿಗೆ ಇಳಿದಿದೆ. ಆ ಹೂಳಿನಲ್ಲಿ ಘಟ್ಟದ ಗುಡ್ಡಗಳ ಮಣ್ಣಿದೆ. 2005ರ ಕೊನೆಗೆ ನಿಲ್ಲುವವರೆಗೂ ಭದ್ರೆಯನ್ನು ಕೆಂಪಾಗಿಸಿದ ಕುದುರೆಮುಖದ ಗಣಿಯ ಮಣ್ಣೂ ಇದೆ. ಬಯಲಿನ ಬದುವಿಲ್ಲದ ಹೊಲಗಳ ಮಣ್ಣೂ ಇದೆ. ಸಂಕಟದ ವರ್ಷದಲ್ಲಿ ಮಣ್ಣು ಹಿಡಿಯಲು ಕೂಲಿ ಕೊಟ್ಟ ಸರ್ಕಾರ ತನಗೆ ಅರಿವಿಲ್ಲದೆಯೇ ಒಳ್ಳೆಯ ಕೆಲಸವೊಂದನ್ನು ಮಾಡಿತು.

ಹಾದಿಯಿಲ್ಲದ ಕಡೆ ಏನಾಯಿತು ಎಂಬುದನ್ನೂ ನೋಡಬೇಕು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಗಳ ನೆರವನ್ನು ಪ್ರಕಟಿಸಿತು: ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000, ಕ್ಷೌರಿಕರಿಗೂ ಮಡಿವಾಳರಿಗೂ ಒಂದಾವರ್ತಿ 5,000. ಬಳಿಕ ಮೆಕ್ಕೆಜೋಳದ ರೈತರಿಗೂ 5,000 ಘೋಷಣೆಯಾಯಿತು. ಮೆಕ್ಕೆಜೋಳ ಬೆಳೆಯುವ ಕುಷ್ಟಗಿ, ಯಲಬುರ್ಗಾಗಳಿಗೆ ಅದು ಸಣ್ಣ ಸುದ್ದಿಯಲ್ಲ. ಆದರೆ ಬೆಳೆ ನೆರವು ಪಹಣಿಯ ಬೆನ್ನು ಹತ್ತಿ ಹೋಗುತ್ತದೆ. ಹೊಲವನ್ನು ಬಾಯಿಮಾತಿನ ಲಾವಣಿಗೆ ಹಾಕಿಕೊಂಡು ಬೀಜ ಗೊಬ್ಬರಕ್ಕೆ ಸಾಲ ಮಾಡಿದವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ನಷ್ಟ ಅವನದು, ನೆರವು ಮಾತ್ರ ಪಹಣಿದಾರನದು. ಕ್ಷೌರಿಕನಿಗೆ ಪ್ರಮಾಣಪತ್ರ ಬೇಕು, ಕಟ್ಟಡ ಕೂಲಿಕಾರನಿಗೆ ಮಂಡಳಿಯ ನೋಂದಣಿ ಬೇಕು. ದಾಖಲೆಯಿಲ್ಲದ ಬಡವನನ್ನು ಹುಡುಕಿಕೊಂಡು ಹೋಗುವ ವಿದ್ಯೆ ಸರ್ಕಾರಕ್ಕೆ ಗೊತ್ತಿರಲಿಲ್ಲ.

ಆ ವಿದ್ಯೆ ಗೊತ್ತಿದ್ದವರು ಆಶಾ ಕಾರ್ಯಕರ್ತೆಯರು. ಯಾವ ಮನೆಗೆ ಯಾರು ಯಾವ ಊರಿನಿಂದ ಬಂದರು, ಯಾರಿಗೆ ಜ್ವರ, ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದೆಲ್ಲ ಅವರ ನೋಟ್‌ಪುಸ್ತಕದಲ್ಲಿತ್ತು. ಸರ್ಕಾರದ ಕಣ್ಣು, ಕಿವಿ, ಕಾಲು ಎಲ್ಲವೂ ಅವರೇ ಆಗಿದ್ದರೂ ಸರ್ಕಾರದ ಲೆಕ್ಕದಲ್ಲಿ ಅವರು ನೌಕರರಲ್ಲ, ಗೌರವಧನದ ಸ್ವಯಂಸೇವಕಿಯರು. 2020ರ ಜುಲೈ 10ರಿಂದ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನಕ್ಕಾಗಿ ಕೆಲಸ ನಿಲ್ಲಿಸಿದರು. ಎಡಪಂಥೀಯ ಕಾರ್ಮಿಕ ಸಂಘಟನೆಯೊಂದು ಅವರನ್ನು ಒಗ್ಗೂಡಿಸಿತ್ತು. ಎಡಪಂಥ ಕರ್ನಾಟಕದಲ್ಲಿ ಜೀವಂತವಾಗಿರುವುದು ಇಂಥ ಕಡೆ: ಆಶಾ, ಅಂಗನವಾಡಿ, ಬಿಸಿಯೂಟ, ಪಂಚಾಯಿತಿ ನೌಕರರು, ಗಂಗಾವತಿಯಂಥ ಊರುಗಳ ಹಮಾಲರು. ರಾಷ್ಟ್ರಮಟ್ಟದ ನಾಯಕರ ಭಾಷಣಗಳಿಗಿಂತ ಸರ್ಕಾರವೆಂಬುದರ ಕೊನೆಯ ತುದಿ ಈ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು.

2021ರ ಎರಡನೆಯ ಅಲೆ ಹಳ್ಳಿಗಳಿಗೇ ನುಗ್ಗಿದಾಗ ಕೊಪ್ಪಳದ ಗವಿಮಠ ಕೋವಿಡ್ ರೋಗಿಗಳ ಆರೈಕೆಗೆ ತನ್ನ ಕಟ್ಟಡ ತೆರೆಯಿತು. ಅದಕ್ಕೆ ಎರಡು ವರ್ಷ ಮೊದಲು, 2019ರಲ್ಲಿ, ಅದೇ ಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಹಿರೇಹಳ್ಳದ ಹೂಳು, ಜಾಲಿ ತೆಗೆದಿದ್ದರು. ಕುಷ್ಟಗಿ ಬಳಿಯ ನಿಡಶೇಸಿ ಕೆರೆಯೂ ಜನರ ಶ್ರಮದಿಂದ ಹೂಳು ಕಳೆದುಕೊಂಡಿತ್ತು. ಈ ಕೆಲಸಗಳ ಹಿರಿಮೆ ದೊಡ್ಡದು. ಆದರೆ ದಾಸೋಹಕ್ಕೆ ಕೃತಜ್ಞತೆ ಸಲ್ಲಿಸಬಹುದೇ ಹೊರತು ಅದನ್ನು ಹಕ್ಕಿನಿಂದ ಕೇಳಲಾಗದು. ಎಲ್ಲ ತಾಲ್ಲೂಕಿಗೂ ಗವಿಮಠವಿಲ್ಲ. ಮಠ ಮಾಡಿದ್ದನ್ನು ಸರ್ಕಾರ ಏಕೆ ಮಾಡಲಿಲ್ಲ ಎಂದು ಕೇಳುವುದು ಮಠಕ್ಕೆ ಮಾಡುವ ಅವಮಾನವಲ್ಲ.

ತಡೆಯುವ ಕೈ, ಕೊಡುವ ಕೈ ಎರಡರ ಜೊತೆಗೆ ಆ ತಿಂಗಳುಗಳಲ್ಲಿ ಮೂರನೆಯ ಕೈಯೊಂದು ಸದ್ದಿಲ್ಲದೆ ದುಡಿಯುತ್ತಿತ್ತು. ಘಟ್ಟದವರಿಗೆ ಅದರ ನೆನಪು ಚೆನ್ನಾಗಿದೆ. ದೇಶಕ್ಕೆ ಬೀಗ ಬೀಳುವ ನಾಲ್ಕು ದಿನ ಮೊದಲು, 2020ರ ಮಾರ್ಚ್ 20ರಂದು, ರಾಜ್ಯ ವನ್ಯಜೀವಿ ಮಂಡಳಿ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ ಒಪ್ಪಿಗೆ ಕೊಟ್ಟಿತು. ಎರಡು ಲಕ್ಷಕ್ಕೂ ಹೆಚ್ಚು ಮರಗಳ ಪ್ರಶ್ನೆ ಅದು. ಜೂನ್ ತಿಂಗಳಲ್ಲಿ ಹೈಕೋರ್ಟ್ ತಡೆ ನೀಡಬೇಕಾಯಿತು. ಅದೇ ಮಾರ್ಚಿನಲ್ಲಿ ಕೇಂದ್ರದ ಪರಿಸರ ಪರಿಣಾಮ ಅಂದಾಜಿನ ಹೊಸ ಕರಡು ಹೊರಬಂತು. ಸಾರ್ವಜನಿಕ ಅಹವಾಲಿನ ಅವಧಿಯನ್ನು 30ರಿಂದ 20 ದಿನಕ್ಕೆ ಇಳಿಸುವ, ಮೊದಲು ಕಟ್ಟಿ ಆಮೇಲೆ ಅನುಮತಿ ಪಡೆಯಲು ದಾರಿ ಮಾಡುವ ಕರಡು. ಅದು ಇದ್ದದ್ದು ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ. ಮನೆಯಿಂದ ಹೊರಬರಲಾಗದ ಜನರಿಂದ, ಅವರಿಗೆ ಬಾರದ ಭಾಷೆಯಲ್ಲಿ, ಆಕ್ಷೇಪ ಕೇಳಲಾಯಿತು. ದೆಹಲಿ ಹೈಕೋರ್ಟು ಎಲ್ಲ ಭಾಷೆಗಳಿಗೆ ಅನುವಾದಿಸಿ ಎಂದಿತು. ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆಯನ್ನು ತಡೆಹಿಡಿಯಿತು. ಜುಲೈಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯ ಮೂಲಕ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ಅಡ್ಡಿಯನ್ನು ತೆಗೆಯಿತು. ಮದುವೆಗೆ ಎಷ್ಟು ಜನ ಸೇರಬೇಕೆಂದು ಎಣಿಸುತ್ತಿದ್ದ ಸರ್ಕಾರ ಕಾಡಿಗೂ ಹೊಲಕ್ಕೂ ಇದ್ದ ಬೇಲಿಯನ್ನು ಸಡಿಲಿಸುತ್ತಿತ್ತು. ಸರ್ಕಾರ ಹೆಚ್ಚಾಗಬೇಕೋ ಕಡಿಮೆಯಾಗಬೇಕೋ ಎಂಬ ಹಳೆಯ ವಾಗ್ವಾದ ಇಂಥ ಕಡೆ ಏನನ್ನೂ ವಿವರಿಸುವುದಿಲ್ಲ.

ಎಡಪಂಥ ಅಧಿಕಾರದಲ್ಲಿದ್ದ ನೆರೆಯ ಕೇರಳದಲ್ಲಿ ಏನಾಯಿತು? 2020ರ ಮಾರ್ಚ್ 19ರಂದೇ, ದೇಶದ ಲಾಕ್‌ಡೌನಿಗೂ ಮೊದಲು, ಅಲ್ಲಿನ ಸರ್ಕಾರ 20,000 ಕೋಟಿ ರೂಪಾಯಿಗಳ ಯೋಜನೆ ಪ್ರಕಟಿಸಿತು. ಮೊತ್ತದ ದೊಡ್ಡ ಭಾಗ ಹಳೆಯ ಬಾಕಿ ತೀರಿಸುವುದೇ ಆಗಿತ್ತು. ಮೊತ್ತಕ್ಕಿಂತ ಮುಖ್ಯವಾದದ್ದು ಅದು ತಲುಪಿದ ಬಗೆ. ಪಂಚಾಯಿತಿಗಳು ಸಮುದಾಯ ಅಡುಗೆಮನೆಗಳನ್ನು ತೆರೆದವು, ಕುಟುಂಬಶ್ರೀಯ ಮಹಿಳಾ ಗುಂಪುಗಳು ಅಡುಗೆ ಮಾಡಿದವು. 1996ರ ಜನಯೋಜನೆ, 1998ರ ಕುಟುಂಬಶ್ರೀ ಇಲ್ಲದಿದ್ದರೆ ಅದು ಒಂದು ವಾರದಲ್ಲಿ ಆಗುವ ಕೆಲಸವಲ್ಲ. ಪಂಚಾಯಿತಿಗೆ ಹಣ, ಅಧಿಕಾರ ಕೊಟ್ಟು ಎರಡು ದಶಕ ಪಳಗಿಸಿದ್ದರ ಫಲ. ಗಡಿಯ ಈಚೆಗೆ ನಡೆದದ್ದನ್ನೂ ಮರೆಯಬಾರದು. ಅದೇ ದಿನಗಳಲ್ಲಿ ಕರ್ನಾಟಕ ತಲಪಾಡಿಯ ಗಡಿಯನ್ನು ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು, ಅವರಲ್ಲಿ ಕನ್ನಡಿಗರೂ, ದಾರಿಯಲ್ಲೇ ಸಿಕ್ಕಿಬಿದ್ದರು. ಆ ಸಂಕಟ ಕಾಸರಗೋಡಿನಲ್ಲಿ ದಶಕಗಳ ಕಾಲ ದೊಡ್ಡ ಆಸ್ಪತ್ರೆ ಕಟ್ಟದಿದ್ದ ಕೇರಳದ ಎಲ್ಲ ಸರ್ಕಾರಗಳ ಲೋಪವನ್ನೂ ಬಯಲಿಗಿಟ್ಟಿತು.

ಘಟ್ಟದ ದೃಷ್ಟಿಯಿಂದ ನೋಡಿದರೆ ಕೇರಳದ ಎಡಪಂಥದ ಲೆಕ್ಕ ಇನ್ನೂ ಬಾಕಿಯಿದೆ. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿದ ವರದಿಗಳ ವಿರುದ್ಧ 2013ರ ನವೆಂಬರಿನಲ್ಲಿ ಎಡರಂಗ ಹರತಾಳಕ್ಕೆ ಕರೆ ಕೊಟ್ಟಿತ್ತು. ಪಂಚಾಯಿತಿಯನ್ನು ನಂಬಿದ ಪಕ್ಷ, ಘಟ್ಟದ ನಿರ್ಧಾರವನ್ನು ಗ್ರಾಮಸಭೆಗೆ ಬಿಡಿ ಎಂದಿದ್ದ ಮಾಧವ ಗಾಡ್ಗೀಳರ ಸಮಿತಿಯ ಮಾತನ್ನು ಕೇಳಿಸಿಕೊಳ್ಳಲಿಲ್ಲ. 2020ರ ಆಗಸ್ಟಿನಲ್ಲಿ, ವೈರಾಣುವನ್ನು ಎದುರಿಸಿದ ರೀತಿಗೆ ಕೇರಳವನ್ನು ಜಗತ್ತು ಹೊಗಳುತ್ತಿದ್ದ ಹೊತ್ತಿನಲ್ಲಿ, ಮುನ್ನಾರಿನ ಪೆಟ್ಟಿಮುಡಿಯಲ್ಲಿ ಗುಡ್ಡ ಜಾರಿ ಚಹಾ ತೋಟದ ಕಾರ್ಮಿಕರ ಲಾಯದ ಮನೆಗಳ ಮೇಲೆ ಬಿತ್ತು. 2024ರ ಜುಲೈ 30ರಂದು ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ಸತ್ತವರಲ್ಲಿ ಬಹುಮಂದಿ ದುಡಿಯುವ ಜನ. ಮಣ್ಣು, ಇಳಿಜಾರು, ಮಳೆ ಇವು ವರ್ಗದ ಪ್ರಶ್ನೆಯಲ್ಲವೆಂದು ತಿಳಿದ ಎಡಪಂಥಕ್ಕೆ ಇದಕ್ಕಿಂತ ಕಠೋರವಾದ ಉತ್ತರ ಬೇಕಿಲ್ಲ. ದೂರದ ಬ್ರಿಟನ್ನಿನ ಕಥೆಯೂ ಬೇರೆಯಲ್ಲ. ಸ್ಟಾರ್ಮರ್ ಅವರ ಪಕ್ಷ 2021ರಲ್ಲಿ ಹಸಿರು ಕೆಲಸಗಳಿಗೆ ವರ್ಷಕ್ಕೆ 28 ಶತಕೋಟಿ ಪೌಂಡ್ ಹೂಡುವುದಾಗಿ ಹೇಳಿತು. 2024ರ ಫೆಬ್ರುವರಿಯಲ್ಲಿ, ಅಧಿಕಾರ ಕೈಗೆ ಬರುವ ಐದು ತಿಂಗಳು ಮೊದಲೇ, ಆ ಮಾತನ್ನು ಮೊಟಕುಗೊಳಿಸಿತು. ಸಂಕಟದಲ್ಲಿ ಕೊಟ್ಟ ಮಾತು ಸಂಕಟ ಕಳೆದ ಮೇಲೆ ಸವೆಯುತ್ತದೆ.

ಸವೆಯದೆ ಉಳಿದ ಹಸ್ತಕ್ಷೇಪದ ಉದಾಹರಣೆ ಮಲೆನಾಡಿನಲ್ಲಿಯೇ ಇದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಹೊಲಕ್ಕಿಳಿದು ಬಂಧನಕ್ಕೊಳಗಾದರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ತಾವೂ ಬಂಧಿತರಾದರು. ಆ ಹೊತ್ತಿಗೆ ಗೇಣಿದಾರರಿಗೆ ದಕ್ಕಿದ್ದು ಬಹಳವಲ್ಲ. ಇಪ್ಪತ್ತಮೂರು ವರ್ಷಗಳ ನಂತರ, 1974ರಲ್ಲಿ, ದೇವರಾಜ ಅರಸು ಅವರ ಸರ್ಕಾರ ಭೂ ಸುಧಾರಣಾ ತಿದ್ದುಪಡಿಯನ್ನು ಜಾರಿಗೆ ತಂದಿತು; ಉಳುವವನ ಹೆಸರು ಪಹಣಿಗೆ ಬಂತು. ಸಮಾಜವಾದಿಗಳು ಎತ್ತಿದ ಪ್ರಶ್ನೆಗೆ ಕಾಂಗ್ರೆಸ್ ಸರ್ಕಾರ ಕೊಟ್ಟ ಉತ್ತರ ಅದು. ಇವತ್ತು ಮಲೆನಾಡಿನ ಎಷ್ಟೋ ಮನೆಗಳ ಮಕ್ಕಳು ಕಾಲೇಜು ಓದುತ್ತಿರುವುದು ಅಂದು ಬಂದ ಎರಡು ಮೂರು ಎಕರೆಯ ಬಲದಿಂದ. ಪರಿಹಾರಕ್ಕೂ ಹಕ್ಕಿಗೂ ಇರುವ ಅಂತರ ಇಷ್ಟೇ: ಪರಿಹಾರವನ್ನು ಮುಂದಿನ ಸರ್ಕಾರ ನಿಲ್ಲಿಸಿದರೆ ಕೇಳುವವರಿಲ್ಲ, ಹಕ್ಕನ್ನು ತೆಗೆಯಬೇಕಾದರೆ ಜನರೆದುರು ಕಾಯ್ದೆ ತಿದ್ದಬೇಕು.

ಈಗ ಆ ತಿದ್ದುವ ಕೆಲಸ ನಡೆದಿದೆ. 2025ರ ಡಿಸೆಂಬರಿನಲ್ಲಿ ಸಂಸತ್ತು 2005ರ ಉದ್ಯೋಗ ಖಾತ್ರಿ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆಯೊಂದನ್ನು ಅಂಗೀಕರಿಸಿತು. ನೂರು ದಿನಗಳ ಬದಲು 125 ದಿನಗಳೆಂದು ಅದು ಹೇಳುತ್ತದೆ. ಆದರೆ ಕರ್ನಾಟಕದಂಥ ರಾಜ್ಯಗಳು ವೆಚ್ಚದ ಶೇಕಡ 40ನ್ನು ತಾವೇ ಭರಿಸಬೇಕು. ಪ್ರತಿ ರಾಜ್ಯಕ್ಕೆ ಎಷ್ಟು ಹಣವೆಂಬುದನ್ನು ಕೇಂದ್ರ ಮೊದಲೇ ಗೊತ್ತುಪಡಿಸುತ್ತದೆ. ಅದನ್ನು ಮೀರಿದ್ದು ರಾಜ್ಯದ ಹೊಣೆ. ಬಿತ್ತನೆ, ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ 60 ದಿನಗಳವರೆಗೆ ಕೆಲಸ ಕೊಡದಿರಲು ಅವಕಾಶವಿದೆ. 2020ರ ಬೇಸಿಗೆಯನ್ನು ಈ ಕಾಯ್ದೆಯ ಅಡಿಯಲ್ಲಿಟ್ಟು ನೋಡಬೇಕು. ಗುಳೆ ಹೋದವರೆಲ್ಲ ಒಮ್ಮೆಗೇ ಊರಿಗೆ ಮರಳಿ ನಮೂನೆ 6ರಲ್ಲಿ ಅರ್ಜಿ ಕೊಟ್ಟರೆ, ಗೊತ್ತುಪಡಿಸಿದ ಹಣ ತೀರಿದ ಮೇಲೆ ಕೂಲಿ ಕೊಡುವವರು ಯಾರು? ತೆರಿಗೆಯೇ ಬಾರದ ಸಂಕಟದ ವರ್ಷದಲ್ಲಿ ರಾಜ್ಯ ತನ್ನ ಪಾಲನ್ನು ಎಲ್ಲಿಂದ ತರಬೇಕು? ಇನ್ನು ಬಿತ್ತನೆಯ ಕಾಲವೆಂಬುದು ಗಂಗಾವತಿಯ ನಾಟಿಗೂ ಯಲಬುರ್ಗಾದ ಹಿಂಗಾರಿಗೂ ಒಂದೇ ಅಲ್ಲ. ಒಂದು ತಾಲ್ಲೂಕಿನಲ್ಲಿ ಕೈ ತುಂಬ ಕೆಲಸವಿರುವಾಗ ಇನ್ನೊಂದರಲ್ಲಿ ಮಳೆಯಿಲ್ಲದೆ ಬಿತ್ತನೆಯೇ ಆಗಿರುವುದಿಲ್ಲ.

ಡಿ. ರಾಜಾ 2025ರ ಸೆಪ್ಟೆಂಬರಿನಲ್ಲಿ ಚಂಡೀಗಢದ ಮಹಾಧಿವೇಶನದಲ್ಲಿ ಮತ್ತೆ ಆಯ್ಕೆಯಾದರು. ಅದೇ ವರ್ಷದ ಏಪ್ರಿಲಿನಲ್ಲಿ ಇನ್ನೊಂದು ಕಮ್ಯುನಿಸ್ಟ್ ಪಕ್ಷ ಮಧುರೆಯಲ್ಲಿ ಎಂ.ಎ. ಬೇಬಿಯವರನ್ನು ಹೊಸ ಪ್ರಧಾನ ಕಾರ್ಯದರ್ಶಿಯನ್ನಾಗಿ ಆರಿಸಿತು. ನಾಯಕರು ಹೊಸಬರಿರಲಿ ಹಳಬರಿರಲಿ, ಕೊಪ್ಪಳದ ನಾಲ್ಕು ತಾಲ್ಲೂಕುಗಳ ಅನುಭವ ಅವರ ಮುಂದಿಡುವ ಕೆಲಸಗಳು ಸ್ಪಷ್ಟವಾಗಿವೆ. ಕೇಳಿದವರಿಗೆಲ್ಲ ಕೆಲಸ ಎಂಬ ತತ್ವವನ್ನು ಹಣದ ಮಿತಿಯಿಂದ ಬಿಡಿಸಬೇಕು. ಕೆಲಸದ ಪಟ್ಟಿಯನ್ನೂ ಬಿಡುವಿನ ಕಾಲವನ್ನೂ ಗ್ರಾಮಸಭೆ ತೀರ್ಮಾನಿಸಬೇಕು. ಆ ಪಟ್ಟಿಯಲ್ಲಿ ಮಣ್ಣು, ನೀರು, ಕಾಡಿನ ಕೆಲಸಗಳು ಮೊದಲು ಬರಬೇಕು. ಲಾವಣಿದಾರನ ಹೆಸರು ಕಾಗದಕ್ಕೆ ಬರಬೇಕು. ಆಶಾ ಕಾರ್ಯಕರ್ತೆ ನೌಕರಳಾಗಬೇಕು. ಜನ ಮನೆಯಿಂದ ಹೊರಬರಲಾಗದ ತುರ್ತಿನ ದಿನಗಳಲ್ಲಿ ಕಾಡು, ಭೂಮಿಯ ಕಾಯ್ದೆಗಳನ್ನು ಮುಟ್ಟಕೂಡದೆಂಬ ನಿಯಮ ಬರಬೇಕು. ಕೊನೆಯದನ್ನು ಯಾವ ಎಡಪಕ್ಷವೂ ಇನ್ನೂ ಗಟ್ಟಿಯಾಗಿ ಕೇಳಿಲ್ಲ. ಕೇಳಿದರೆ ಘಟ್ಟವೂ ಬಯಲೂ ಒಂದೇ ಸಾಲಿನಲ್ಲಿ ನಿಲ್ಲಬಹುದು.

2025ರ ಫೆಬ್ರುವರಿ 24ರಂದು ಉಕ್ಕಿನ ಕಾರ್ಖಾನೆಯೊಂದರ ವಿಸ್ತರಣೆಯ ವಿರುದ್ಧ ಇಡೀ ಕೊಪ್ಪಳ ನಗರ ಬಾಗಿಲು ಮುಚ್ಚಿ ಬೀದಿಗಿಳಿಯಿತು. ಕಪ್ಪು ದೂಳು ಉಸಿರಾಡಿದ ಆ ಜನ ಸರ್ಕಾರ ಬೇಡವೆನ್ನಲಿಲ್ಲ. ಸರ್ಕಾರವೇ ಬಂದು ತಡೆಯಲಿ ಎಂದರು. ಐದು ವರ್ಷ ಹಿಂದೆ ಅಕ್ಕಿಗಾಗಿ, ಕೂಲಿಗಾಗಿ ಕರೆದವರು ಈ ಸಲ ಗಾಳಿಗಾಗಿ ಕರೆದರು.

ಮುಂದಿನ ಸಾಂಕ್ರಾಮಿಕ ಯಾವ ವರ್ಷ ಬರುವುದೋ ಯಾರೂ ಹೇಳಲಾರರು. ಅದು ಬಂದಾಗ ನೆರವು ಯಾವ ಹಾದಿಯಲ್ಲಿ ನಡೆದು ಬರಬೇಕೋ ಆ ಹಾದಿಯನ್ನು ಈಗಲೇ ಸರಿಮಾಡಿಕೊಳ್ಳಬೇಕು. ಅದಕ್ಕೆ ಯಾವ ನಾಯಕನ ಅಪ್ಪಣೆಯೂ ಬೇಕಿಲ್ಲ. ತಮ್ಮ ಪಂಚಾಯಿತಿಯ ಗ್ರಾಮಸಭೆಯ ದಿನಾಂಕ ತಿಳಿದುಕೊಳ್ಳುವುದು, ಊರಿನ ಕೆರೆ, ಹಳ್ಳ, ಗುಡ್ಡದ ಕೆಲಸಗಳನ್ನು ಬರೆದು ಒಯ್ಯುವುದು, ನಡಾವಳಿ ಪುಸ್ತಕದಲ್ಲಿ ಅದು ದಾಖಲಾಗುವವರೆಗೂ ಏಳದೆ ಕೂರುವುದು, ಕೆಲಸ ಕೇಳಿದ ಅರ್ಜಿಗೆ ಸ್ವೀಕೃತಿ ಪಡೆಯುವುದು, ಇವು ಹಳ್ಳಿಯ ಹಿರಿಯರೂ ಕಾಲೇಜಿನ ವಿದ್ಯಾರ್ಥಿಗಳೂ ಈ ಬೇಸಿಗೆಯಲ್ಲೇ ಮಾಡಬಹುದಾದ ಕೆಲಸಗಳು. ಗ್ರಾಮಸಭೆಯಲ್ಲಿ ಜನ ಕೂತಿದ್ದರೆ ಸರ್ಕಾರ ಆ ಬಾಗಿಲಿಂದಲೇ ಒಳಗೆ ಬರಬೇಕಾಗುತ್ತದೆ.